ಮನೆಗೆ ಬೆಂಕಿ ಬಿದ್ದರೂ ಉಳಿಯುವ ಪ್ರತಿ

ಕಾಗದ ಹೊತ್ತಿಕೊಳ್ಳಬೇಕಾದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹಾರ್ಡ್ ಡಿಸ್ಕ್ ಕೆಡಲು ಅಷ್ಟು ಬೇಡ. ಬಳಸದೆ ಸುಮ್ಮನೆ ಇಟ್ಟ ಡಿಸ್ಕಿಗೂ 70 ಡಿಗ್ರಿಯೇ ಮಿತಿ ಎಂದು ಹೆಚ್ಚಿನ ತಯಾರಕರು ನಮೂದಿಸುತ್ತಾರೆ. ಇಡೀ ಕೋಣೆ ಹೊತ್ತಿ ಉರಿಯುವಾಗಲಂತೂ ಸೂರಿನ ಬಳಿಯ ಕಾವು 600 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಆದ್ದರಿಂದ ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಟ್ಟ ಎಕ್ಸ್‌ಟರ್ನಲ್ ಡಿಸ್ಕನ್ನು ಪೂರಾ ನಂಬಿ ಕೂರುವುದು ಅಪಾಯ. ಲ್ಯಾಪ್‌ಟಾಪ್ ಕೆಟ್ಟರೆ ಅದು ಕೈಹಿಡಿಯುತ್ತದೆ. ಮನೆ ಸುಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ.

ಬೀರುವಿನಲ್ಲಿಟ್ಟರೆ? ನಮ್ಮ ಮನೆಗಳ ಉಕ್ಕಿನ ಬೀರು ಕಳ್ಳರನ್ನು ತಡೆಯಲು ಮಾಡಿದ್ದು. ಅದರ ತಗಡು ಕಾವನ್ನು ನೇರವಾಗಿ ಒಳಕ್ಕೆ ಬಿಡುತ್ತದೆ. ಬೆಂಕಿ ತಡೆಯುತ್ತದೆ ಎಂದು ಮಾರುವ ತಿಜೋರಿಗಳಲ್ಲೂ ಒಂದು ತೊಡಕಿದೆ. ಅವುಗಳ ಗೋಡೆಯೊಳಗೆ ಜಿಪ್ಸಮ್‌ನಂಥ, ನೀರನ್ನು ಹಿಡಿದಿಟ್ಟುಕೊಂಡ ವಸ್ತು ತುಂಬಿರುತ್ತದೆ. ಬಿಸಿ ತಟ್ಟಿದಾಗ ಆ ನೀರು ಕಾವನ್ನು ಹೀರಿ ಆವಿಯಾಗುತ್ತದೆ, ಆವಿಯ ಒಂದು ಪಾಲು ತಿಜೋರಿಯ ಒಳಕ್ಕೂ ನುಗ್ಗುತ್ತದೆ. ಮನೆಯ ಕ್ರಯಪತ್ರ ಒದ್ದೆಯಾದರೂ ಉಳಿದೀತು, ಹಾರ್ಡ್ ಡಿಸ್ಕ್ ಉಳಿಯುವ ಭರವಸೆಯಿಲ್ಲ. ಅಮೆರಿಕದ ಯುಎಲ್ ಸಂಸ್ಥೆಯ ಮಾನದಂಡದಲ್ಲಿ ಕಾಗದದ ತಿಜೋರಿಯ ಒಳಗಿನ ಕಾವು ಸುಮಾರು 177 ಡಿಗ್ರಿವರೆಗೆ ಏರಬಹುದು. ಡಿಜಿಟಲ್ ಮಾಧ್ಯಮಗಳ ತಿಜೋರಿಯಲ್ಲಾದರೆ ಸುಮಾರು 52 ಡಿಗ್ರಿಯನ್ನೂ ಶೇ. 80ರ ತೇವಾಂಶವನ್ನೂ ಮೀರುವಂತಿಲ್ಲ. ಈ ಎರಡನೆಯ ಬಗೆಯದು ಭಾರ, ದುಬಾರಿ. ಮನೆಬಳಕೆಗೆ ಅಷ್ಟು ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಉರಿ ತಲುಪದ ಕೋಣೆಗೂ ಹೊಗೆ ತಲುಪುತ್ತದೆ. ವೈರುಗಳ ಪಿವಿಸಿ ಹೊದಿಕೆ ಸುಟ್ಟಾಗ ಹೊಮ್ಮುವ ಹೈಡ್ರೋಜನ್ ಕ್ಲೋರೈಡ್ ಅನಿಲ ತೇವದೊಡನೆ ಸೇರಿ ಆಮ್ಲವಾಗಿ ಸರ್ಕಿಟ್ ಬೋರ್ಡುಗಳ ಲೋಹವನ್ನು ತಿನ್ನುತ್ತದೆ. ಅದರ ಮೇಲೆ, ಬೆಂಕಿ ಆರಿಸಲು ಹಾಯಿಸಿದ ನೀರು.

ಸುಟ್ಟ ಡಿಸ್ಕಿನಿಂದ ಮಾಹಿತಿ ಮರಳಿ ಪಡೆದ ಉದಾಹರಣೆಗಳೂ ಇವೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿತೆಗೆದುಕೊಂಡ ಕೊಲಂಬಿಯಾ ನೌಕೆಯ ಅವಶೇಷಗಳಲ್ಲಿ 400 ಎಂಬಿಯ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ನೌಕೆಯಲ್ಲಿ ನಡೆಸಿದ ಕ್ಸೆನಾನ್ ಅನಿಲದ ಪ್ರಯೋಗದ ಮಾಹಿತಿ ಅದರಲ್ಲಿತ್ತು. ತಜ್ಞರು ಅದನ್ನು ಬಿಚ್ಚಿ, ತಟ್ಟೆಗಳನ್ನು ತೊಳೆದು, ಶೇ. 99ರಷ್ಟು ಮಾಹಿತಿ ಹೊರತೆಗೆದರು. ಅದರಿಂದ ಬರೆದ ಸಂಶೋಧನಾ ಲೇಖನ 2008ರಲ್ಲಿ ಪ್ರಕಟವಾಯಿತು. ಆದರೆ ಅದೇ ನೌಕೆಯ ಇನ್ನೆರಡು ಡಿಸ್ಕುಗಳಿಂದ ಏನೂ ಸಿಗಲಿಲ್ಲ. ಇಂಥ ಅದೃಷ್ಟವನ್ನು ನೆಚ್ಚಿಕೊಂಡು ಮನೆಯ ಮಾಹಿತಿಯನ್ನು ಬಿಡಲಾಗದು.

ಉಪಾಯವಿರುವುದು ದೂರದಲ್ಲಿ. ಒಂದೇ ಬೆಂಕಿ ಮುಟ್ಟಲಾಗದ ಎರಡು ಜಾಗಗಳಲ್ಲಿ ಪ್ರತಿಗಳಿರಬೇಕು. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಇದನ್ನು 3-2-1 ಎಂಬ ಸೂತ್ರವಾಗಿಸಿದರು: ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಕಡೆ. ಈ ಕೊನೆಯ ‘ಒಂದು’ ಇಲ್ಲದೆ ಹೋದರೆ ಸರ್ಕಾರಗಳೂ ಕಂಗಾಲಾಗುತ್ತವೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ನೌಕರರು ಕೆಲಸದ ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಹೊರಗೆ ಅದರ ಪ್ರತಿ ಇರಲಿಲ್ಲ.

ನಮಗೆ ಇದು ಕಷ್ಟದ ಕೆಲಸವೇನಲ್ಲ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳಿ. ಒಂದು ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ಅಕ್ಕನ ಮನೆಯಲ್ಲೋ ತವರಿನಲ್ಲೋ ಇರಲಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸ ಪ್ರತಿ ಕೊಟ್ಟು ಹಳೆಯದನ್ನು ತನ್ನಿ. ಡಿಸ್ಕಿಗೆ ಪಾಸ್‌ವರ್ಡಿನ ಬೀಗವಿರಲಿ. ಬಿಟ್‌ಲಾಕರ್, ವೆರಾಕ್ರಿಪ್ಟ್‌ನಂಥ ತಂತ್ರಾಂಶಗಳು ಆ ಕೆಲಸಕ್ಕಿವೆ. ಕ್ಲೌಡ್‌ಗೆ ಏರಿಸುವವರು ಮೊದಲ ಸಲ ತಾಳ್ಮೆಯಿಂದಿರಬೇಕು: ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗವಿದ್ದರೂ 200 ಜಿಬಿ ಏರಲು 22 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆಮೇಲೆ ಹೊಸದು ಮಾತ್ರ ಏರುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುವ ಸಿಂಕ್ ವ್ಯವಸ್ಥೆಯನ್ನೊಂದನ್ನೇ ನೆಚ್ಚಬೇಡಿ.

ಹೆಚ್ಚಿನವರು ಮರೆಯುವುದು ಬೀಗದ ಕೈಯನ್ನು. ಪಾಸ್‌ವರ್ಡ್ ಬರೆದ ಡೈರಿಯೂ ಒಟಿಪಿ ಬರುವ ಫೋನೂ ಮನೆಯೊಳಗೇ ಸುಟ್ಟರೆ ಕ್ಲೌಡ್‌ನಲ್ಲಿರುವ ನಿಮ್ಮದೇ ಫೋಟೋಗಳಿಗೆ ನೀವು ಹೊರಗಿನವರಾಗುತ್ತೀರಿ. ಗೂಗಲ್ ಖಾತೆಗೆ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತಾರೆ. ಬಿಟ್‌ಲಾಕರ್‌ಗೆ 48 ಅಂಕಿಗಳ ಮರುಪಡೆಯುವ ಕೀಲಿ ಇರುತ್ತದೆ. ಇವನ್ನು ಕಾಗದದ ಮೇಲೆ ಬರೆದು, ಡಿಸ್ಕ್ ಇಟ್ಟ ಮನೆಯಲ್ಲಲ್ಲದೆ ಮೂರನೆಯ ನಂಬಿಕಸ್ಥರ ಬಳಿ ಇಡಿ, ಇಲ್ಲವೇ ಬ್ಯಾಂಕ್ ಲಾಕರಿನಲ್ಲಿಡಿ.

ಎಲ್ಲವನ್ನೂ ಉಳಿಸಲು ಹೊರಟು ಏನನ್ನೂ ಉಳಿಸದವರಿದ್ದಾರೆ. ಆಧಾರ್ ಡಿಜಿಲಾಕರಿನಲ್ಲಿ ಮತ್ತೆ ಸಿಗುತ್ತದೆ. ಪಹಣಿ ಭೂಮಿ ತಂತ್ರಾಂಶದಲ್ಲಿದೆ. ಸಿನಿಮಾಗಳನ್ನು ಮತ್ತೆ ನೋಡಬಹುದು. ಅಜ್ಜಿ ಹಾಡಿದ ಸೋಬಾನೆಯ ಧ್ವನಿಮುದ್ರಣ, ತೀರಿಹೋದವರ ಫೋಟೋ, ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿ, ಅಂಗಡಿಯ ಲೆಕ್ಕ ಮತ್ತೆ ಹುಟ್ಟುವುದಿಲ್ಲ. ಮೊದಲು ಅವನ್ನು ಆರಿಸಿ. ವರ್ಷಕ್ಕೊಮ್ಮೆಯಾದರೂ ದೂರದ ಪ್ರತಿಯಿಂದ ಒಂದೆರಡು ಕಡತ ತೆರೆದು ನೋಡಿ. ತೆರೆಯದ ಪ್ರತಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಬೆಂಕಿ ಕಂಡ ಡಿಸ್ಕಿಗೆ ಕರೆಂಟು ಕೊಡಬೇಡಿ, ಬಿಸಿಲಿಗೂ ಹೇರ್ ಡ್ರೈಯರಿಗೂ ಒಡ್ಡಬೇಡಿ. ಹೇಗಿದೆಯೋ ಹಾಗೆ ಚೀಲದಲ್ಲಿ ಮುಚ್ಚಿ, ಡೇಟಾ ರಿಕವರಿ ಮಾಡುವವರಿಗೆ ಒಪ್ಪಿಸಿ. ಅದೂ ಬೆಂಕಿ ಪೂರ್ತಿ ಆರಿ, ಒಳಗೆ ಹೋಗಬಹುದು ಎಂದು ಅಗ್ನಿಶಾಮಕ ಸಿಬ್ಬಂದಿ ಹೇಳಿದ ಮೇಲೆ. ಮನೆ ಉರಿಯುತ್ತಿರುವಾಗ ಯಾವ ಲ್ಯಾಪ್‌ಟಾಪಿಗಾಗಿಯೂ ಒಳಕ್ಕೆ ಓಡಬೇಡಿ. ಮನೆಮಂದಿಯನ್ನೆಲ್ಲ ಹೊರಗೆ ಕರೆತಂದು 101ಕ್ಕೋ 112ಕ್ಕೋ ಕರೆ ಮಾಡಿ.