ಪಹಣಿಯಲ್ಲಿ ನಿಮ್ಮ ಹೆಸರಿದೆಯೇ?

ನಂಜನಗೂಡಿನಲ್ಲಿ ಹುಟ್ಟಿ ಟಿ. ನರಸೀಪುರಕ್ಕೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ತಂದೆ ತೀರಿಕೊಂಡಿದ್ದಾರೆ. ಅವರು ಬಿಟ್ಟುಹೋದ ಎರಡು ಎಕರೆ ಗದ್ದೆಯಲ್ಲಿ ಆಕೆಗೂ ಪಾಲಿದೆ. ಆದರೆ ದಾಖಲೆಯಲ್ಲಿ ಯಾರ ಹೆಸರಿದೆ? ಅಣ್ಣನನ್ನು ಕೇಳಲು ಸಂಕೋಚ. ಒಂದು ಕಾಲದಲ್ಲಿ ಅದನ್ನು ತಿಳಿಯಲು ತವರಿನ ಗ್ರಾಮಲೆಕ್ಕಿಗರನ್ನೇ ಹುಡುಕಿಕೊಂಡು ಹೋಗಬೇಕಿತ್ತು.

2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲೇ ಪಹಣಿ ಸಿಗತೊಡಗಿತು. ಆದರೂ ಒಂದು ಕೊರತೆ ಉಳಿಯಿತು. ನಂಜನಗೂಡಿನ ಕಂಪ್ಯೂಟರಿನಲ್ಲಿದ್ದುದು ನರಸೀಪುರದ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಉಪನೋಂದಣಿ ಕಚೇರಿಯ 'ಕಾವೇರಿ', ಭೂಮಾಪನ ಇಲಾಖೆಯ 'ಮೋಜಿಣಿ' ಕೂಡ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೆಲಸಕ್ಕಾಗಿ ಬಂದ ವ್ಯವಸ್ಥೆಗಳು.

ಇವನ್ನೆಲ್ಲ ಜೋಡಿಸುವುದು ಹೇಗೆ? ನಮ್ಮ ಸಂತೆಯನ್ನೇ ನೋಡಿ. ಒಬ್ಬರ ಮನೆಮಾತು ಉರ್ದು, ಇನ್ನೊಬ್ಬರದು ತಮಿಳು, ಮತ್ತೊಬ್ಬರದು ತೆಲುಗು. ವ್ಯಾಪಾರಕ್ಕೆ ನಿಂತರೆ ಎಲ್ಲರೂ ಕನ್ನಡ. ಕಂಪ್ಯೂಟರ್‌ಗಳಿಗೂ ಹಾಗೆ ಒಂದು ಸಮಾನ ಭಾಷೆ ಇದೆ. ಅದರ ಹೆಸರು ಟಿಸಿಪಿ/ಐಪಿ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಜಾಲ ಅದಕ್ಕೆ ಬದಲಾಯಿತು. ಯಂತ್ರ ಯಾವ ಕಂಪನಿಯದೇ ಆಗಲಿ, ಎಷ್ಟೇ ಹಳೆಯದಾಗಲಿ, ಈ ನಿಯಮ ಪಾಲಿಸಿದರೆ ಮಾತಾಡಬಲ್ಲದು.

ಮುಂದೆ ರಾಜ್ಯ ಸರ್ಕಾರದ 'ಕೆಸ್ವಾನ್' ಜಾಲ ತಾಲೂಕುಗಳನ್ನು ಬೆಂಗಳೂರಿಗೆ ಜೋಡಿಸಿತು. ಭೂಮಿ, ಕಾವೇರಿ, ಮೋಜಿಣಿಗಳೂ ಒಂದಕ್ಕೊಂದು ಕೂಡಿಕೊಂಡವು. ಈಗ ಜಮೀನು ಮಾರಲು ಬಂದವರ ಹೆಸರು ಪಹಣಿಯಲ್ಲಿದೆಯೇ ಎಂದು ನೋಂದಣಿಗೆ ಮೊದಲೇ ನೋಡಲಾಗುತ್ತದೆ. ನೋಂದಣಿಯಾದ ಸುದ್ದಿ ತಾಲೂಕು ಕಚೇರಿಗೆ ಜಾಲದಲ್ಲೇ ತಲುಪಿ ಖಾತೆ ಬದಲಾವಣೆಯ ಕೆಲಸ ಆರಂಭವಾಗುತ್ತದೆ. ಆ ಹೆಣ್ಣುಮಗಳು ನರಸೀಪುರದ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ತವರಿನ ಪಹಣಿ ನೋಡಬಹುದು. ಹೋಬಳಿ, ಗ್ರಾಮ, ಸರ್ವೆ ನಂಬರ್ ಗೊತ್ತಿದ್ದರೆ ಸಾಕು.

ಆದರೆ ಸಹೋದರಿಯರೇ, ಒಂದು ಮಾತು ನೆನಪಿಡಿ. ಕಂಪ್ಯೂಟರಿಗೆ ಗೊತ್ತಿರುವುದು ಬರೆದದ್ದು ಮಾತ್ರ. ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟರೆ, ಆ ತಪ್ಪು ಜಾಲದುದ್ದಕ್ಕೂ ಹರಿಯುತ್ತದೆ. ಮೊದಲು ಒಂದು ಪುಸ್ತಕದಲ್ಲಿದ್ದ ತಪ್ಪು ಈಗ ಎಲ್ಲ ಕಚೇರಿಯಲ್ಲೂ ಸತ್ಯವಾಗಿ ಕಾಣುತ್ತದೆ.

ಆದ್ದರಿಂದ ಪಹಣಿಯ 9ನೇ ಕಾಲಂ ನೋಡಿ. ಮಾಲೀಕರ ಹೆಸರು ಇರುವುದು ಅಲ್ಲಿ. ನಿಮ್ಮ ಹೆಸರಿಲ್ಲವೆಂದರೆ ಅಣ್ಣತಮ್ಮಂದಿರೊಂದಿಗೆ ಸಮಾಧಾನದಿಂದ ಮಾತಾಡಿ. ಅವರಿಗೂ ತಿಳಿಯದೇ ಬಿಟ್ಟುಹೋಗಿರಬಹುದು. ಸರಿಹೋಗದಿದ್ದರೆ ತಾಲೂಕು ಕಚೇರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಹಕ್ಕನ್ನು ಕೇಳುವುದು ಜಗಳವಲ್ಲ. ತವರಿನ ಪ್ರೀತಿ, ತವರಿನ ಪಾಲು ಎರಡೂ ಉಳಿಯಬೇಕಾದರೆ ಲೆಕ್ಕ ನೇರವಾಗಿರಬೇಕು.