ತನ್ನ ಕ್ಯಾಪ್ಟನ್ ಸೋತಾಗ ಟೊರಾಂಟೊ ಕುಣಿದಿದ್ದೇಕೆ?

ಹಾಕಿ ಅಂದ್ರೆ ನಮಗೆ ಕೊಡಗು, ಹುಲ್ಲಿನ ಮೈದಾನ ನೆನಪಾಗುತ್ತೆ. ಕೆನಡಾದವರಿಗೆ ಹಾಕಿ ಅಂದ್ರೆ ಐಸ್ ಹಾಕಿ. 2025ರ ಫೆಬ್ರವರಿ 20ರಂದು ಅಮೆರಿಕದ ಬೋಸ್ಟನ್‌ನಲ್ಲಿ ಫೋರ್ ನೇಷನ್ಸ್ ಫೇಸ್‌ಆಫ್ ಫೈನಲ್. ಕೆನಡಾ ಎದುರು ಅಮೆರಿಕ. 60 ನಿಮಿಷ ಮುಗಿದಾಗ 2-2.

ಓವರ್‌ಟೈಮ್ ನಿಯಮ ಸರಳ. ಮೊದಲು ಗೋಲು ಹೊಡೆದವರೇ ಗೆದ್ದರು, ಆಟ ಅಲ್ಲಿಗೇ ಖತಂ. ಹಾಗಾಗಿ ಇಷ್ಟು ಹೊತ್ತು ಉಸಿರು ಬಿಗಿಹಿಡಿದ ಅಭಿಮಾನಿಗೆ ಒಂದೇ ಕ್ಷಣಕ್ಕೆ ಎಲ್ಲಾ ಬಿಡುಗಡೆ. 8 ನಿಮಿಷ 18 ಸೆಕೆಂಡಿಗೆ ಕಾನರ್ ಮೆಕ್‌ಡೇವಿಡ್ ಗೋಲು ಹೊಡೆದರು. ಕೆನಡಾ ಹುಚ್ಚೆದ್ದು ಕುಣಿಯಿತು.

ಇದು ಬರೀ ಕಪ್ಪಿನ ಖುಷಿಯಾ? ಅಲ್ಲ. ಕೆನಡಾ ನಮ್ಮ 51ನೇ ರಾಜ್ಯ ಆಗಲಿ ಅಂತ ಟ್ರಂಪ್ ಆಗ ಪದೇ ಪದೇ ಹೇಳ್ತಿದ್ದರು. ಜೊತೆಗೆ ಸುಂಕದ ಬೆದರಿಕೆ ಬೇರೆ. ಐದು ದಿನ ಮೊದಲು ಮಾಂಟ್ರಿಯಲ್‌ನಲ್ಲಿ ಪ್ರೇಕ್ಷಕರು ಅಮೆರಿಕದ ರಾಷ್ಟ್ರಗೀತೆಗೇ 'ಬೂ' ಅಂತ ಕೂಗಿದ್ದರು. ಆಟ ಶುರುವಾಗಿ 9 ಸೆಕೆಂಡಿನೊಳಗೆ ಮೂರು ಹೊಡೆದಾಟ! ಆ ಪಂದ್ಯವನ್ನು ಅಮೆರಿಕ 3-1ರಿಂದ ಗೆದ್ದಿತ್ತು. ಆ ಉರಿಯೂ ಇತ್ತು.

ಆದರೆ ಒಂದು ವಿಷಯ ಗಮನಿಸಿ. ಅಮೆರಿಕ ತಂಡದ ನಾಯಕ ಆಸ್ಟನ್ ಮ್ಯಾಥ್ಯೂಸ್, ಲೀಗ್‌ನಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಕ್ಯಾಪ್ಟನ್. ವರ್ಷವಿಡೀ ಟೊರಾಂಟೊ ಜನ ಚಪ್ಪಾಳೆ ತಟ್ಟೋದು ಅವರಿಗೇ. ಅಂದ್ರೆ ಸಿಟ್ಟು ಆಟಗಾರನ ಮೇಲಲ್ಲ, ವಾಷಿಂಗ್ಟನ್ ಮೇಲೆ. ರಾಷ್ಟ್ರಗೀತೆಗೆ 'ಬೂ' ಅಂದಿದ್ದನ್ನು ನಾನು ಒಪ್ಪಲ್ಲ. ಸುಂಕದ ಮಾತಾಡಿದವರು ಮಂಜುಗಡ್ಡೆ ಮೇಲೆ ನಿಂತಿರಲಿಲ್ಲ. ಆದರೆ ಗೆದ್ದ ರಾತ್ರಿಯ ಆ ಕೂಗು ನನಗೆ ಅರ್ಥವಾಗುತ್ತೆ. ದೊಡ್ಡ ನೆರೆಯವನು ನಿನ್ನ ಮನೆಯೂ ನಂದೇ ಅಂದಾಗ, ಯಾರು ತಾನೇ ಸುಮ್ಮನಿರ್ತಾರೆ ಹೇಳಿ?