ಒಳಸರಿಯುವ ಉಗುರು: ಒಂದು ವಿಶೇಷಣದ ಅರ್ಥವಿಚಾರ

ಬೆಕ್ಕಿನ ಕುಲದ ಪ್ರಾಣಿಗಳ ಉಗುರನ್ನು ಬಣ್ಣಿಸಲು ಇಂಗ್ಲಿಷಿನಲ್ಲಿ ‘ರಿಟ್ರ್ಯಾಕ್ಟೈಲ್’ ಎಂಬ ವಿಶೇಷಣವಿದೆ. ‘ರಿಟ್ರ್ಯಾಕ್ಟಬಲ್’ ಅದರ ಒಡಹುಟ್ಟು. ಎರಡಕ್ಕೂ ಮೂಲ ‘ಎಳೆ’ ಎಂಬರ್ಥದ ಲ್ಯಾಟಿನ್ ಧಾತು ‘ತ್ರಾಹೆರೆ’. ಅದರ ಹಿಂದಿರುವ ‘ರೆ’ ಎಂಬ ಉಪಸರ್ಗಕ್ಕೆ ‘ಹಿಂದಕ್ಕೆ’ ಎಂದರ್ಥ. ಹೊಲ ಉಳುವ ಟ್ರ್ಯಾಕ್ಟರ್ ಕೂಡ ಇದೇ ಧಾತುವಿನ ಸಂತಾನ. ಆದರೆ ಬಳಕೆಯಲ್ಲಿ ಭೇದವುಂಟು. ಮೊದಲನೆಯದು ಬಹುಮಟ್ಟಿಗೆ ಪ್ರಾಣಿಶಾಸ್ತ್ರದ ಪರಿಭಾಷೆ; ಎರಡನೆಯದು ಉಗುರಿಗಲ್ಲದೆ ವಿಮಾನದ ಚಕ್ರಕ್ಕೂ, ಒತ್ತಿದೊಡನೆ ಮೊನೆ ಒಳಸೇರುವ ಪೆನ್ನಿಗೂ ಸಲ್ಲುತ್ತದೆ.

ಇದನ್ನು ಕನ್ನಡಿಸುವಾಗ ತೊಡಕು ಎದುರಾಗುವುದು ಪ್ರತ್ಯಯದಲ್ಲಿ. ಇಂಗ್ಲಿಷಿನ ‘ಏಬಲ್’ ಕಂಡಲ್ಲೆಲ್ಲ ‘ಬಲ್ಲ’ ಎಂದು ಬರೆಯುವ ರೂಢಿ ಅನುವಾದಗಳಲ್ಲಿ ಬೇರೂರಿದೆ. ‘ಬಲ್ಲ’ ಎಂಬುದು ಕರ್ತೃವಿನ ಸಾಮರ್ಥ್ಯವನ್ನು ಹೇಳುವ ಪದ. ‘ಉಗುರನ್ನು ಒಳಸೆಳೆಯಬಲ್ಲ ಬೆಕ್ಕು’ ಎಂದರೆ ಸರಿ. ‘ಒಳಸೆಳೆಯಬಲ್ಲ ಉಗುರು’ ಎಂದರೆ ಉಗುರೇ ಮತ್ತೇನನ್ನೋ ಸೆಳೆಯುತ್ತದೆಂಬ ಅರ್ಥ ಹೊರಡುತ್ತದೆ. ಉಗುರು ಇಲ್ಲಿ ಕರ್ಮ. ಆದುದರಿಂದ ‘ಒಳಸೆಳೆಯಬಹುದಾದ ಉಗುರು’ ಎಂಬುದೇ ವ್ಯಾಕರಣಶುದ್ಧ. ಮರಾಠಿ ಬಲ್ಲವರಿಗೆ ಈ ಭೇದ ಬೇಗ ಹೊಳೆಯುತ್ತದೆ. ‘ಆತ ಓಢತಾ ಯೇಣಾರೀ ನಖೇ’ ಎಂಬ ಮರಾಠಿ ರಚನೆಯಲ್ಲಿ ಎಳೆಯುವ ಪ್ರಾಣಿಗೆ ಚತುರ್ಥಿ ವಿಭಕ್ತಿ ಸೇರುವುದರಿಂದ ಉಗುರು ಕರ್ತೃವಾಗುವ ಭ್ರಮೆಗೆ ಎಡೆಯಿಲ್ಲ. ‘ಹಿಂತೆಗೆದುಕೊಳ್ಳುವ’ ಎಂಬ ಅನುವಾದವೂ ಇಲ್ಲಿ ಹೊಂದದು. ಅದು ಮಾತಿಗೆ, ಮೊಕದ್ದಮೆಗೆ ಒಪ್ಪುವ ಪದ.

ವಸ್ತುಸ್ಥಿತಿ ಇನ್ನೊಂದು ಸೂಕ್ಷ್ಮವನ್ನು ಮುಂದಿಡುತ್ತದೆ. ವಿಶ್ರಾಂತಿಯಲ್ಲಿರುವ ಬೆಕ್ಕಿನ ಉಗುರು ಒಳಗೇ ಇರುತ್ತದೆ. ಬೆರಳಿನ ಕೊನೆಯ ಎಲುಬಿಗೆ ಅಂಟಿದ ಸ್ಥಿತಿಸ್ಥಾಪಕ ತಂತುಗಳು ಅದನ್ನು ಶ್ರಮವಿಲ್ಲದೆ ಹಿಡಿದಿಡುತ್ತವೆ. ಸ್ನಾಯು ದುಡಿಯಬೇಕಾದುದು ಉಗುರನ್ನು ಹೊರಚಾಚಲು! ಆದಕಾರಣ ‘ಹೊರಚಾಚುವ’ ಎಂಬರ್ಥದ ‘ಪ್ರೊಟ್ರ್ಯಾಕ್ಟೈಲ್’ ಎಂಬ ಪದವೇ ಯುಕ್ತವೆಂದು ವಾದಿಸುವ ವಿಜ್ಞಾನಿಗಳೂ ಉಂಟು. ಹಾಗಿರುವಾಗ ‘ಸೆಳೆ’ ಎಂಬ ಸಕರ್ಮಕ ಧಾತುವಿಗಿಂತ ‘ಸರಿ’ ಎಂಬ ಅಕರ್ಮಕವೇ ಲೇಸು. ‘ಒಳಸರಿಯುವ ಉಗುರು’ ಎಂದಾಗ ಪ್ರಯತ್ನದ ಸೂಚನೆಯಿಲ್ಲ, ಕರ್ತೃವಿನ ಗೊಂದಲವೂ ಇಲ್ಲ. ಸಂಸ್ಕೃತದ ‘ನಖಾಯುಧ’ ಗಂಭೀರ ಪದವೇ ಸರಿ. ಆದರೆ ಅದು ಉಗುರಿನ ಪ್ರಯೋಜನವನ್ನು ಹೇಳುತ್ತದೆ, ಚಲನೆಯನ್ನಲ್ಲ.

ಚೀತಾ ಪ್ರಾಣಿಯ ಉಗುರನ್ನು ‘ಅರೆ ಒಳಸರಿಯುವ’ ಉಗುರೆನ್ನುತ್ತಾರೆ. ಉಳಿದ ಬೆಕ್ಕುಗಳಲ್ಲಿ ಉಗುರನ್ನು ಮುಚ್ಚುವ ಚರ್ಮದ ಒರೆ ಇದಕ್ಕಿಲ್ಲವಾದುದರಿಂದ ಉಗುರು ಹೊರಗೇ ಕಾಣುತ್ತದೆ. ಇದರ ಶಾಸ್ತ್ರೀಯ ನಾಮ ‘ಅಸಿನೊನಿಕ್ಸ್’ ಅಲುಗದ ಉಗುರೆಂಬ ಗ್ರೀಕ್ ಅರ್ಥದಿಂದ ಬಂದುದು. ಮರಾಠಿಯ ‘ಚಿತ್ತಾ’ ಈ ಪ್ರಾಣಿಯೇ ಹೊರತು ಕನ್ನಡದ ಚಿರತೆಯಲ್ಲ. ಚಿರತೆಗೆ ಮರಾಠಿಯಲ್ಲಿ ‘ಬಿಬಟ್ಯಾ’ ಎನ್ನುತ್ತಾರೆ. ಧ್ವನಿಸಾಮ್ಯವನ್ನು ನಂಬಿ ಒಂದನ್ನು ಇನ್ನೊಂದಾಗಿಸಿದರೆ ಉಗುರಿನ ವಿಶೇಷಣವೂ ಸುಳ್ಳಾಗುತ್ತದೆ.

ನಾಯಿ, ತೋಳ, ಕತ್ತೆಕಿರುಬಗಳದು ಒಳಸರಿಯದ ಉಗುರು. ಇಂಗ್ಲಿಷ್ ಇಲ್ಲಿ ‘ನಾನ್’ ಎಂಬುದನ್ನು ಮುಂದೆ ಜೋಡಿಸಬೇಕು. ಕನ್ನಡಕ್ಕೆ ನಿಷೇಧ ಕೃದಂತವೊಂದೇ ಸಾಕು. ಇವುಗಳ ಹೆಜ್ಜೆಗುರುತಿನಲ್ಲಿ ಉಗುರಿನ ಮೊನೆ ಸಾಮಾನ್ಯವಾಗಿ ಮೂಡಿರುತ್ತದೆ. ಹುಲಿ, ಚಿರತೆಗಳು ನಡೆದ ಮಣ್ಣಿನಲ್ಲಿ ಸಾಧಾರಣವಾಗಿ ಅದು ಕಾಣುವುದಿಲ್ಲ.